ಮಿತದ ಗಣಿತ

ಅತಿಯಾದರೆ ಅಮೃತವೂ ವಿಷ ಎಂಬ ಗಾದೆಯನ್ನು ನಾವೆಲ್ಲರೂ ಬಲ್ಲೆವು. ಆದರೆ ಎಷ್ಟಾದರೆ ಅತಿ ಎಂಬುದನ್ನು ಗಾದೆಯು ಹೇಳುವುದಿಲ್ಲ. ಅಡುಗೆಯ ಉಪ್ಪಿನ ವಿಷಯದಲ್ಲಿ ನಾಲಗೆಯೇ ಅದನ್ನು ನಿರ್ಧರಿಸುತ್ತದೆ. ದಿನವೊಂದಕ್ಕೆ ಸಾವಿರಾರು ಟನ್ ಸರಕನ್ನು ತಯಾರಿಸುವ ಕಾರ್ಖಾನೆಯಲ್ಲಿ ಇದನ್ನು ನಿರ್ಧರಿಸುವವರು ಯಾರು?

ಪ್ರಯೋಗಶಾಲೆಯ ಗಾಜಿನ ಕುಪ್ಪಿಯಲ್ಲಿ ಒಂದು ಹೊಸ ವಸ್ತುವನ್ನು ಪಡೆದಾಗ ರಸಾಯನಶಾಸ್ತ್ರಜ್ಞನ ಕೆಲಸ ಬಹುಮಟ್ಟಿಗೆ ಮುಗಿಯಿತು. ಅದೇ ವಸ್ತುವನ್ನು ಕಾರ್ಖಾನೆಯಲ್ಲಿ ತಯಾರಿಸಬೇಕೆಂದಾಗ ಎಂಜಿನಿಯರನ ಕೆಲಸ ಮೊದಲಾಗುತ್ತದೆ. ಎಷ್ಟು ಉಷ್ಣತೆಯಲ್ಲಿ, ಎಷ್ಟು ಒತ್ತಡದಲ್ಲಿ, ಎಷ್ಟು ದೊಡ್ಡ ಪಾತ್ರೆಯಲ್ಲಿ, ಎಷ್ಟು ಹೊತ್ತು ಎಂಬ ಪ್ರಶ್ನೆಗಳು ಸಾಲಾಗಿ ಬಂದು ನಿಲ್ಲುತ್ತವೆ. ಈ ಯಾವ ಪ್ರಶ್ನೆಗೂ ‘ಆದಷ್ಟು ಹೆಚ್ಚು’ ಅಥವಾ ‘ಆದಷ್ಟು ಕಡಿಮೆ’ ಎಂಬುದು ಸರಿಯಾದ ಉತ್ತರವಾಗುವುದು ಬಹಳ ಅಪರೂಪ. ಒಂದನ್ನು ಹೆಚ್ಚಿಸಿದರೆ ಇನ್ನೊಂದು ಕೆಡುತ್ತದೆ. ಎರಡರ ನಡುವೆ ಎಲ್ಲಿಯೋ ಒಂದು ಅನುಕೂಲತಮ ಬಿಂದುವಿರುತ್ತದೆ. ಅದನ್ನು ಹುಡುಕುವ ಗಣಿತವು ಹೇಗೆ ಬೆಳೆಯಿತು, ಅದು ಯಾವ ಪ್ರಶ್ನೆಗಳಿಗೆ ಉತ್ತರ ಕೊಡಬಲ್ಲುದು, ಯಾವುದಕ್ಕೆ ಕೊಡಲಾರದು ಎಂಬುದನ್ನು ಕೆಲವು ಉದಾಹರಣೆಗಳ ಮೂಲಕ ನೋಡೋಣ.

ಸಕ್ಕರೆ ಕಾರ್ಖಾನೆಯ ಪಾತ್ರೆಗಳು

ಆಲೆಮನೆಯ ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವಾಗ ದಟ್ಟವಾದ ಆವಿ ಮೇಲೆದ್ದು ಗಾಳಿಗೆ ಸೇರಿಹೋಗುತ್ತದೆ. ಆ ಆವಿಯೊಡನೆ ಎಷ್ಟು ಶಾಖ ಹೋಗುತ್ತದೆ ಎಂಬುದನ್ನು ಲೆಕ್ಕ ಹಾಕಬಹುದು. ೧೦೦ ಕಿಲೋಗ್ರಾಂ ಕಬ್ಬಿನ ಹಾಲಿನಲ್ಲಿ ಸುಮಾರು ೧೫ ಕಿಲೋಗ್ರಾಂ ಘನಪದಾರ್ಥ ಕರಗಿರುತ್ತದೆ. ಸಕ್ಕರೆ ಕಾರ್ಖಾನೆಯಲ್ಲಿ ಇದನ್ನು ಮೊದಲು ನೂರಕ್ಕೆ ೬೦ ಪಾಲು ಘನಪದಾರ್ಥವುಳ್ಳ ಪಾಕವನ್ನಾಗಿ ಮಾಡುತ್ತಾರೆ. ಆಗ ಪಾಕದ ತೂಕ ೨೫ ಕಿಲೋಗ್ರಾಂ. ಉಳಿದ ೭೫ ಕಿಲೋಗ್ರಾಂ ನೀರು ಆವಿಯಾಗಿ ಹೋಗಬೇಕು. ಒಂದು ಕಿಲೋಗ್ರಾಂ ನೀರು ಆವಿಯಾಗಲು ಸುಮಾರು ೫೪೦ ಕಿಲೋಕ್ಯಾಲೊರಿ ಗುಪ್ತೋಷ್ಣ ಬೇಕು. ಅಂದರೆ ಒಟ್ಟು ೪೦,೫೦೦ ಕಿಲೋಕ್ಯಾಲೊರಿ. ಅದೇ ಹಾಲನ್ನು ೩೦ ಡಿಗ್ರಿಯಿಂದ ೧೦೦ ಡಿಗ್ರಿಗೆ ಕಾಯಿಸಲು ೭,೦೦೦ ಕಿಲೋಕ್ಯಾಲೊರಿಯೂ ಬೇಡ. ಉರಿಸಿದ ಇಂಧನದ ಬಹುಪಾಲು ಶಕ್ತಿಯು ಹೀಗೆ ಆವಿಯ ರೂಪದಲ್ಲಿ ಆಕಾಶಕ್ಕೆ ಸಲ್ಲುತ್ತದೆ.

ಆ ಆವಿಯನ್ನು ಮತ್ತೆ ಬಳಸಿಕೊಳ್ಳುವ ಉಪಾಯವನ್ನು ರೂಪಿಸಿದವನು ನಾರ್ಬರ್ಟ್ ರಿಲ್ಯೂ. ಅಮೆರಿಕದ ಲೂಯಿಸಿಯಾನದಲ್ಲಿ, ಗುಲಾಮರು ಕುದಿಯುವ ರಸವನ್ನು ಒಂದು ಕೊಪ್ಪರಿಗೆಯಿಂದ ಇನ್ನೊಂದಕ್ಕೆ ಸೌಟಿನಿಂದ ಎತ್ತಿ ಸುರಿಯುತ್ತಿದ್ದ ಕಾಲದಲ್ಲಿ, ಆಫ್ರಿಕನ್ ಮೂಲದ ತಾಯಿಯ ಮಗನಾಗಿ ೧೮೦೬ರಲ್ಲಿ ಅವನು ಹುಟ್ಟಿದನು. ಅವನು ೧೮೪೩ ಮತ್ತು ೧೮೪೬ರಲ್ಲಿ ಹಕ್ಕುಪತ್ರ ಪಡೆದ ಏರ್ಪಾಡು ಇಂತಿದೆ: ಮೊದಲನೆಯ ಪಾತ್ರೆಯಿಂದ ಎದ್ದ ಆವಿಯು ಎರಡನೆಯ ಪಾತ್ರೆಯನ್ನು ಕಾಯಿಸುತ್ತದೆ; ಎರಡನೆಯದರ ಆವಿಯು ಮೂರನೆಯದನ್ನು ಕಾಯಿಸುತ್ತದೆ. ನೂರು ಡಿಗ್ರಿಯ ಆವಿಯಿಂದ ನೂರು ಡಿಗ್ರಿಯಲ್ಲಿಯೇ ಕುದಿಯುವ ರಸವನ್ನು ಕುದಿಸಲಾಗದು. ಆದುದರಿಂದ ಒಂದೊಂದು ಪಾತ್ರೆಯಲ್ಲಿಯೂ ಹಿಂದಿನದಕ್ಕಿಂತ ಒತ್ತಡವನ್ನು ಕಡಿಮೆ ಮಾಡುತ್ತಾರೆ. ಒತ್ತಡವು ವಾಯುಮಂಡಲದ ಒತ್ತಡದ ಆರನೆಯ ಒಂದು ಪಾಲಿಗೆ ಇಳಿದರೆ ನೀರು ಸುಮಾರು ೫೫ ಡಿಗ್ರಿಯಲ್ಲಿಯೇ ಕುದಿಯುತ್ತದೆ. ಹೀಗೆ ಒಂದು ಕಿಲೋಗ್ರಾಂ ಉಗಿಯು ಎರಡು ಪಾತ್ರೆಗಳಲ್ಲಿ ಹೆಚ್ಚುಕಡಿಮೆ ಎರಡು ಕಿಲೋಗ್ರಾಂ ನೀರನ್ನೂ, ಐದು ಪಾತ್ರೆಗಳಲ್ಲಿ ಹೆಚ್ಚುಕಡಿಮೆ ಐದು ಕಿಲೋಗ್ರಾಂ ನೀರನ್ನೂ ಹೊರಗೆಡಹುತ್ತದೆ.

ಹಾಗಾದರೆ ಪಾತ್ರೆಗಳ ಸಂಖ್ಯೆಯನ್ನು ಇಪ್ಪತ್ತಕ್ಕೋ ಐವತ್ತಕ್ಕೋ ಏಕೆ ಏರಿಸಬಾರದು? ಇಲ್ಲಿ ಭೌತಶಾಸ್ತ್ರವು ಅಡ್ಡ ಬರುತ್ತದೆ. ಪಾತ್ರೆಯ ಗೋಡೆಯ ಮೂಲಕ ಹರಿಯುವ ಶಾಖವು ಗೋಡೆಯ ವಿಸ್ತೀರ್ಣಕ್ಕೂ ಅದರ ಎರಡು ಬದಿಗಳ ಉಷ್ಣತೆಯ ಅಂತರಕ್ಕೂ ಅನುಪಾತದಲ್ಲಿರುತ್ತದೆ. ಐದು ಪಾತ್ರೆಗಳಿದ್ದಾಗ ಪ್ರತಿಯೊಂದರ ಪಾಲಿಗೆ ಬರುವ ಶಾಖದ ಕೆಲಸ ಐದನೆಯ ಒಂದು ಪಾಲು. ಆದರೆ ಮೊದಲಿನಿಂದ ಕಡೆಯವರೆಗಿನ ಉಷ್ಣತೆಯ ಅಂತರವೂ ಐದಾಗಿ ಹಂಚಿಹೋಗುತ್ತದೆ. ಕೆಲಸವೂ ಅಂತರವೂ ಒಂದೇ ಪ್ರಮಾಣದಲ್ಲಿ ಇಳಿದುದರಿಂದ ಪ್ರತಿ ಪಾತ್ರೆಯ ಗೋಡೆಯೂ ಮೊದಲಿನಷ್ಟೇ ದೊಡ್ಡದಾಗಿರಬೇಕು. ಐದು ಪಾತ್ರೆಗಳೆಂದರೆ ಐದರಷ್ಟು ಲೋಹ, ಐದರಷ್ಟು ಬೆಲೆ.

ಇದಿಷ್ಟನ್ನೂ ಒಂದು ಸಮೀಕರಣದಲ್ಲಿ ಬರೆಯಬಹುದು. ಒಂದೇ ಪಾತ್ರೆಯಿದ್ದರೆ ವರ್ಷಕ್ಕೆ ಉಗಿಯ ಖರ್ಚು ೧೦೦ ಲಕ್ಷ ರೂಪಾಯಿ, ಪ್ರತಿ ಪಾತ್ರೆಗೆ ವರ್ಷಕ್ಕೆ ತಗಲುವ ಖರ್ಚು ೪ ಲಕ್ಷ ರೂಪಾಯಿ ಎಂದು ಎಣಿಸಿಕೊಳ್ಳೋಣ. ಪಾತ್ರೆಗಳ ಸಂಖ್ಯೆ ‘ನ’ ಆದರೆ, ಒಟ್ಟು ಖರ್ಚು = ೧೦೦/ನ + ೪ನ. ಒಂದು ಪಾತ್ರೆಗೆ ಖರ್ಚು ೧೦೪ ಲಕ್ಷ; ಎರಡಕ್ಕೆ ೫೮; ಮೂರಕ್ಕೆ ೪೫.೩, ನಾಲ್ಕಕ್ಕೆ ೪೧, ಐದಕ್ಕೆ ೪೦, ಆರಕ್ಕೆ ೪೦.೭, ಹತ್ತಕ್ಕೆ ೫೦. ಖರ್ಚು ಐದರವರೆಗೆ ಇಳಿದು ಮತ್ತೆ ಏರತೊಡಗುತ್ತದೆ. ಕಲನಶಾಸ್ತ್ರವನ್ನು ಇನ್ನೂ ಕಲಿಯದ ವಿದ್ಯಾರ್ಥಿಯೂ ಇದನ್ನು ಸಾಧಿಸಬಲ್ಲನು. ೧೦೦/ನ + ೪ನ ಎಂಬುದನ್ನು (೧೦/√ನ − ೨√ನ)² + ೪೦ ಎಂದು ಬರೆಯಲು ಬರುತ್ತದೆ. ವರ್ಗವು ಸೊನ್ನೆಗಿಂತ ಕಡಿಮೆಯಾಗಲಾರದು. ಆದುದರಿಂದ ಖರ್ಚು ೪೦ಕ್ಕಿಂತ ಇಳಿಯಲಾರದು. ವರ್ಗವು ಸೊನ್ನೆಯಾಗುವುದು ‘ನ’ ಐದಾದಾಗ ಮಾತ್ರ.

ಈ ಪುಟ್ಟ ಲೆಕ್ಕದಲ್ಲಿ ಗಮನಿಸಬೇಕಾದ ಅಂಶಗಳು ಎರಡಿವೆ. ಮೊದಲನೆಯದು, ತಳದ ಬಳಿ ವಕ್ರರೇಖೆಯು ಬಹುಮಟ್ಟಿಗೆ ಸಪಾಟಾಗಿರುತ್ತದೆ. ನಾಲ್ಕಕ್ಕೂ ಐದಕ್ಕೂ ಇರುವ ವ್ಯತ್ಯಾಸ ೧ ಲಕ್ಷ ಮಾತ್ರ. ಜಾಗ ಸಾಲದಿದ್ದರೆ ನಾಲ್ಕರಲ್ಲಿ ತೃಪ್ತಿಪಟ್ಟುಕೊಂಡರೂ ಹೆಚ್ಚಿನ ನಷ್ಟವಿಲ್ಲ. ಎರಡನೆಯದು, ಬೆಲೆಗಳು ಬದಲಾದರೆ ಬಿಂದುವೂ ಸರಿಯುತ್ತದೆ. ಕಬ್ಬಿನ ಸಿಪ್ಪೆಯನ್ನು ಸುಮ್ಮನೆ ಉರಿಸುವ ಕಾರ್ಖಾನೆಯಲ್ಲಿ ಉಗಿಗೆ ಬೆಲೆ ಕಡಿಮೆ. ಅದೇ ಸಿಪ್ಪೆಯಿಂದ ವಿದ್ಯುತ್ತನ್ನು ಉತ್ಪಾದಿಸಿ ಮಾರುವ ಇಂದಿನ ಕಾರ್ಖಾನೆಯಲ್ಲಿ ಉಗಿಯ ಒಂದೊಂದು ಕಿಲೋಗ್ರಾಮಿಗೂ ಬೆಲೆಯಿದೆ; ಅಲ್ಲಿ ಇನ್ನೊಂದು ಪಾತ್ರೆಯನ್ನು ಸೇರಿಸುವುದು ಲಾಭಕರವಾಗಬಹುದು. ಅತ್ಯುತ್ತಮವೆಂಬುದು ಪಾತ್ರೆಯಲ್ಲಿ ಅಡಗಿರುವ ಗುಣವಲ್ಲ. ನಾವು ಯಾವುದಕ್ಕೆ ಎಷ್ಟು ಬೆಲೆ ಕಟ್ಟುತ್ತೇವೆ ಎಂಬುದನ್ನು ಅದು ಅವಲಂಬಿಸಿದೆ. ಈ ಮಾತಿಗೆ ನಾವು ಕಡೆಯಲ್ಲಿ ಮತ್ತೆ ಬರಬೇಕಾಗಿದೆ.

ಅಮೋನಿಯದ ಇಕ್ಕಟ್ಟು

ಸಕ್ಕರೆಯ ಉದಾಹರಣೆಯಲ್ಲಿ ಹಣವು ಹಣದೊಡನೆ ಸೆಣಸುತ್ತಿತ್ತು. ಪ್ರಕೃತಿಯ ಎರಡು ನಿಯಮಗಳೇ ಒಂದಕ್ಕೊಂದು ಎದುರಾಗಿ ನಿಲ್ಲುವ ಸಂದರ್ಭವನ್ನು ಅಮೋನಿಯದ ತಯಾರಿಕೆಯಲ್ಲಿ ಕಾಣುತ್ತೇವೆ.

ಗಾಳಿಯಲ್ಲಿ ಸಾರಜನಕವು ಯಥೇಚ್ಛವಾಗಿದ್ದರೂ ಪೈರುಗಳು ಅದನ್ನು ನೇರವಾಗಿ ಹೀರಲಾರವು. ಅದನ್ನು ಜಲಜನಕದೊಡನೆ ಸಂಯೋಗಿಸಿ ಅಮೋನಿಯವನ್ನಾಗಿ ಮಾಡುವ ವಿಧಾನವನ್ನು ಜರ್ಮನಿಯ ಫ್ರಿಟ್ಸ್ ಹಾಬರ್ ೧೯೦೯ರಲ್ಲಿ ಪ್ರಯೋಗಶಾಲೆಯಲ್ಲಿ ತೋರಿಸಿದನು. ಕಾರ್ಲ್ ಬಾಷ್ ಅದನ್ನು ಕಾರ್ಖಾನೆಯ ಮಟ್ಟಕ್ಕೇರಿಸಿದನು. ೧೯೧೩ರಲ್ಲಿ ಓಪಾವ್ ಎಂಬಲ್ಲಿ ಮೊದಲ ಕಾರ್ಖಾನೆ ಕೆಲಸಮಾಡತೊಡಗಿತು. ನಮ್ಮ ನಾಡಿನಲ್ಲಿ ಸ್ವಾತಂತ್ರ್ಯಕ್ಕೆ ಮುನ್ನವೇ ಮೈಸೂರಿನ ಬಳಿ ಬೆಳಗೊಳದಲ್ಲಿ ಇಂಥ ಕಾರ್ಖಾನೆಯೊಂದು ತಲೆಯೆತ್ತಿತ್ತು. ಇಂದು ಜಗತ್ತಿನ ಹೆಚ್ಚುಕಡಿಮೆ ಅರ್ಧದಷ್ಟು ಜನರ ಅನ್ನವು ಈ ವಿಧಾನದಿಂದ ಬಂದ ಗೊಬ್ಬರವನ್ನು ಅವಲಂಬಿಸಿದೆ ಎಂದು ಅಂದಾಜು. ಜಗತ್ತು ಬಳಸುವ ಶಕ್ತಿಯಲ್ಲಿ ನೂರಕ್ಕೆ ಸುಮಾರು ಎರಡು ಪಾಲು ಇದಕ್ಕೇ ಸಲ್ಲುತ್ತದೆ. ಇಲ್ಲಿ ಸಾಧಿಸುವ ಚಿಕ್ಕ ಉಳಿತಾಯವೂ ಚಿಕ್ಕದಲ್ಲ.

ಈ ಸಂಯೋಗದಲ್ಲಿ ಶಾಖವು ಹೊರಬೀಳುತ್ತದೆ. ಲ ಶಾಟೆಲಿಯೆಯ ತತ್ತ್ವವನ್ನು ಓದಿರುವವರಿಗೆ ಇದರ ಪರಿಣಾಮ ಹೊಳೆಯುತ್ತದೆ. ಉಷ್ಣತೆ ಹೆಚ್ಚಿದಷ್ಟೂ ಸಮತೋಲನದಲ್ಲಿ ಅಮೋನಿಯದ ಪಾಲು ಕುಗ್ಗುತ್ತದೆ. ೨೦೦ ವಾಯುಮಂಡಲಗಳ ಒತ್ತಡದಲ್ಲಿ ಅದು ೩೦೦ ಡಿಗ್ರಿಗೆ ನೂರಕ್ಕೆ ಸುಮಾರು ೬೩. ೪೦೦ ಡಿಗ್ರಿಗೆ ಸುಮಾರು ೩೬. ೫೦೦ ಡಿಗ್ರಿಗೆ ಸುಮಾರು ೧೮. ೬೦೦ ಡಿಗ್ರಿಗೆ ಸುಮಾರು ೮. ಹಾಗೆಂದು ಉಷ್ಣತೆಯನ್ನು ಇಳಿಸುತ್ತ ಹೋದರೆ ಅಣುಗಳ ಚಲನೆ ಮಂದವಾಗಿ ಕ್ರಿಯೆಯೇ ನಿಂತಂತಾಗುತ್ತದೆ. ಮಿತ್ತಾಶ್ ಮತ್ತು ಅವನ ಸಂಗಡಿಗರು ಸಾವಿರಾರು ಪ್ರಯೋಗಗಳನ್ನು ನಡೆಸಿ, ಕಬ್ಬಿಣಕ್ಕೆ ಪೊಟ್ಯಾಸಿಯಂ ಮತ್ತು ಅಲ್ಯೂಮಿನಿಯಂ ಆಕ್ಸೈಡುಗಳನ್ನು ಚೂರು ಬೆರೆಸಿದ ವೇಗವರ್ಧಕವನ್ನು ಕಂಡುಕೊಂಡರು. ಆದರೂ ಅದು ಚೆನ್ನಾಗಿ ಕೆಲಸಮಾಡಲು ೪೦೦ ಡಿಗ್ರಿಯಷ್ಟಾದರೂ ಬೇಕು. ತಣ್ಣಗಿದ್ದರೆ ಫಲ ಹೆಚ್ಚು, ಕಾಯಬೇಕಾದ ಕಾಲ ಅಪಾರ. ಬಿಸಿಯಾಗಿದ್ದರೆ ಕ್ರಿಯೆ ಕ್ಷಿಪ್ರ, ಫಲ ಅಲ್ಪ.

ಈ ಇಕ್ಕಟ್ಟಿನಿಂದ ಪಾರಾಗಲು ಎರಡು ವೇಗಗಳನ್ನು ಬೇರೆಬೇರೆಯಾಗಿ ನೋಡಬೇಕು. ಅಮೋನಿಯ ಕೂಡುವ ವೇಗ ಒಂದು, ಕೂಡಿದ ಅಮೋನಿಯ ಒಡೆಯುವ ವೇಗ ಇನ್ನೊಂದು. ಉಷ್ಣತೆ ಏರಿದಾಗ ಎರಡೂ ಹೆಚ್ಚುತ್ತವೆ. ಆದರೆ ಒಡೆಯುವ ವೇಗವು ಹೆಚ್ಚು ರಭಸದಿಂದ ಏರುತ್ತದೆ. ನಮಗೆ ದೊರೆಯುವುದು ಇವೆರಡರ ವ್ಯತ್ಯಾಸ. ಆ ವ್ಯತ್ಯಾಸವು ಉಷ್ಣತೆಯೊಡನೆ ಮೊದಲು ಏರಿ, ಒಂದು ಶಿಖರವನ್ನು ಮುಟ್ಟಿ, ಬಳಿಕ ಇಳಿದು ಸೊನ್ನೆಯಾಗುತ್ತದೆ. ಅನಿಲದಲ್ಲಿ ಅಮೋನಿಯ ಕಡಿಮೆಯಿರುವಾಗ ಒಡೆಯುವುದಕ್ಕೇ ಹೆಚ್ಚೇನೂ ಇಲ್ಲ. ಆಗ ಶಿಖರವು ಹೆಚ್ಚಿನ ಉಷ್ಣತೆಯಲ್ಲಿರುತ್ತದೆ. ಅಮೋನಿಯ ಸೇರುತ್ತ ಹೋದಂತೆ ಶಿಖರವು ಕಡಿಮೆ ಉಷ್ಣತೆಯತ್ತ ಸರಿಯುತ್ತದೆ. ಆದುದರಿಂದ ‘ಅನುಕೂಲತಮ ಉಷ್ಣತೆ ಯಾವುದು?’ ಎಂಬ ಪ್ರಶ್ನೆಗೆ ಉತ್ತರವು ಒಂದು ಅಂಕೆಯಾಗಲಾರದು. ಅನಿಲವು ಬಿಸಿಯಾಗಿ ಒಳಹೊಕ್ಕು, ಮುಂದೆ ಸಾಗಿದಂತೆ ತಣ್ಣಗಾಗುತ್ತ ಹೋಗಬೇಕು. ಉತ್ತರವೇ ಒಂದು ಇಳಿಜಾರಿನ ವಕ್ರರೇಖೆ.

ಪ್ರಕೃತಿಯು ಇದಕ್ಕೆ ಸರಿಯಾಗಿ ವಿರುದ್ಧವಾಗಿ ನಡೆಯುತ್ತದೆ. ಕ್ರಿಯೆಯಿಂದ ಹೊರಬಿದ್ದ ಶಾಖವು ಅನಿಲವನ್ನು ಹೋದಹೋದಂತೆ ಬಿಸಿಮಾಡುತ್ತದೆ. ಆದಕಾರಣ ವೇಗವರ್ಧಕವನ್ನು ಹಲವು ಹಾಸುಗಳಾಗಿ ವಿಂಗಡಿಸಿ, ಒಂದು ಹಾಸಿನಿಂದ ಬಂದ ಅನಿಲವನ್ನು ತಣಿಸಿ ಮುಂದಿನ ಹಾಸಿಗೆ ಕಳುಹಿಸುತ್ತಾರೆ. ಏರಿಕೆ, ಇಳಿಕೆ, ಮತ್ತೆ ಏರಿಕೆ, ಇಳಿಕೆ: ಗರಗಸದ ಹಲ್ಲುಗಳಂಥ ಈ ರೇಖೆಯು ಆದರ್ಶ ವಕ್ರರೇಖೆಯ ಆಚೀಚೆ ಸುಳಿದಾಡುತ್ತ ಸಾಗುತ್ತದೆ. ಹಾಸುಗಳು ಎಷ್ಟಿರಬೇಕು, ಒಂದೊಂದರಲ್ಲಿಯೂ ಕ್ರಿಯೆ ಎಷ್ಟು ನಡೆಯಬೇಕು, ನಡುವೆ ಎಷ್ಟು ತಣಿಸಬೇಕು ಎಂಬುದು ಮುಂದಿನ ಪ್ರಶ್ನೆ.

ಕಡೆಯಿಂದ ಮೊದಲಿಗೆ

ನಾಲ್ಕು ಹಾಸುಗಳಿದ್ದು ಪ್ರತಿಯೊಂದಕ್ಕೂ ಪ್ರವೇಶದ ಉಷ್ಣತೆ, ಉದ್ದ ಎಂಬ ಎರಡೆರಡು ಆಯ್ಕೆಗಳಿವೆ ಎನ್ನೋಣ. ಎಂಟು ಸಂಖ್ಯೆಗಳನ್ನು ಒಟ್ಟಿಗೆ ನಿರ್ಧರಿಸಬೇಕು. ಒಂದೊಂದಕ್ಕೂ ಹತ್ತು ಬೆಲೆಗಳನ್ನು ಪರೀಕ್ಷಿಸುವೆನೆಂದರೆ ಹತ್ತು ಕೋಟಿ ಲೆಕ್ಕಗಳಾಗುತ್ತವೆ. ಇದಕ್ಕೊಂದು ಜಾಣತನದ ದಾರಿಯನ್ನು ಅಮೆರಿಕದ ಗಣಿತಜ್ಞ ರಿಚರ್ಡ್ ಬೆಲ್ಮನ್ ೧೯೫೦ರ ದಶಕದಲ್ಲಿ ತೋರಿಸಿದನು. ಡೈನಮಿಕ್ ಪ್ರೋಗ್ರಾಮಿಂಗ್ ಎಂದು ಅದಕ್ಕೆ ಹೆಸರು.

ತತ್ತ್ವವು ಸರಳವಾದುದು. ಮೈಸೂರಿನಿಂದ ವಿಜಯಪುರಕ್ಕೆ ಅತ್ಯಂತ ಹತ್ತಿರದ ದಾರಿಯು ಚಿತ್ರದುರ್ಗದ ಮೇಲೆ ಹಾಯುವುದಾದರೆ, ಅದರ ಉತ್ತರದ ತುಂಡು ಚಿತ್ರದುರ್ಗದಿಂದ ವಿಜಯಪುರಕ್ಕೆ ಅತ್ಯಂತ ಹತ್ತಿರದ ದಾರಿಯಾಗಿರಲೇಬೇಕು. ಇಲ್ಲದಿದ್ದರೆ ಆ ತುಂಡನ್ನು ಬದಲಿಸಿ ಇಡೀ ದಾರಿಯನ್ನು ಇನ್ನೂ ಕಿರಿದು ಮಾಡಬಹುದಾಗಿತ್ತು. ಚಿತ್ರದುರ್ಗಕ್ಕೆ ಹೇಗೆ ಬಂದೆವೆಂಬುದು ಅಲ್ಲಿಂದ ಮುಂದಿನ ದಾರಿಯನ್ನು ಬದಲಿಸುವುದಿಲ್ಲ. ಆದುದರಿಂದ ಲೆಕ್ಕವನ್ನು ಗುರಿಯಿಂದ ಹಿಂದಕ್ಕೆ ಮಾಡುತ್ತ ಬರಬಹುದು.

ಇಂಗ್ಲೆಂಡಿನಲ್ಲಿ ಹುಟ್ಟಿ ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕನಾಗಿದ್ದ ರದರ್‌ಫರ್ಡ್ ಆರಿಸ್ ಈ ತತ್ತ್ವವನ್ನು ಹಾಸುಗಳ ಸಮಸ್ಯೆಗೆ ಅನ್ವಯಿಸಿದನು. ರಾಸಾಯನಿಕ ಕ್ರಿಯಾಪಾತ್ರೆಗಳ ಅತ್ಯುತ್ತಮ ವಿನ್ಯಾಸವನ್ನು ಕುರಿತ ಅವನ ಗ್ರಂಥವು ೧೯೬೧ರಲ್ಲಿ ಹೊರಬಂದಿತು. ಮೊದಲು ಕಡೆಯ ಹಾಸನ್ನು ತೆಗೆದುಕೊಂಡು, ಅದಕ್ಕೆ ಬರಬಹುದಾದ ಒಂದೊಂದು ಬಗೆಯ ಅನಿಲಕ್ಕೂ ಅತ್ಯುತ್ತಮ ಉಷ್ಣತೆ ಮತ್ತು ಉದ್ದಗಳನ್ನು ಪಟ್ಟಿಮಾಡುವುದು; ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಕಡೆಯ ಎರಡು ಹಾಸುಗಳ ಲೆಕ್ಕವನ್ನು ಮಾಡುವುದು; ಹೀಗೆ ಹಿಂದೆ ಹಿಂದೆ ಬರುವುದು. ಎಂಟು ಸಂಖ್ಯೆಗಳ ಒಂದು ದೊಡ್ಡ ಸಮಸ್ಯೆಯು ಎರಡೆರಡು ಸಂಖ್ಯೆಗಳ ನಾಲ್ಕು ಸಣ್ಣ ಸಮಸ್ಯೆಗಳಾಗಿ ಒಡೆಯಿತು. ಅನಿಲವು ಮುಂದಕ್ಕೆ ಹರಿದರೆ ಲೆಕ್ಕವು ಹಿಂದಕ್ಕೆ ಹರಿಯುತ್ತದೆ.

ಬೇಲಿಯ ಮೂಲೆ

ಇದುವರೆಗಿನ ಉದಾಹರಣೆಗಳಲ್ಲಿ ಉತ್ತರವು ಎರಡು ವಿರುದ್ಧ ಪ್ರವೃತ್ತಿಗಳ ನಡುವೆ ದೊರೆಯಿತು. ಇನ್ನೊಂದು ಜಾತಿಯ ಸಮಸ್ಯೆಗಳಲ್ಲಿ ಉತ್ತರವು ಅಂಚಿನಲ್ಲಿರುತ್ತದೆ. ಎರಡನೆಯ ಪಿ.ಯು.ಸಿ. ಗಣಿತದಲ್ಲಿ ಲೀನಿಯರ್ ಪ್ರೋಗ್ರಾಮಿಂಗ್ ಎಂಬ ಪಾಠವನ್ನು ಓದಿರುವವರಿಗೆ ಇದು ಪರಿಚಿತ. ಅದರ ನಿಜವಾದ ಮನೆ ಪೆಟ್ರೋಲಿಯಂ ಶುದ್ಧೀಕರಣ ಕಾರ್ಖಾನೆ.

ಮಂಗಳೂರಿನಲ್ಲಿರುವಂಥ ಒಂದು ಶುದ್ಧೀಕರಣ ಕಾರ್ಖಾನೆಯನ್ನು ಕಲ್ಪಿಸಿಕೊಳ್ಳೋಣ. ಅಂಕೆಗಳು ನಮ್ಮ ಅನುಕೂಲಕ್ಕಾಗಿ ಆರಿಸಿಕೊಂಡವು. ಹಗುರ ಕಚ್ಚಾತೈಲ, ಭಾರ ಕಚ್ಚಾತೈಲ ಎಂಬ ಎರಡು ಬಗೆಯ ತೈಲಗಳು ದೊರೆಯುತ್ತವೆ. ಹಗುರ ತೈಲದ ಒಂದು ಪೀಪಾಯಿಯಿಂದ ೨೦೦ ರೂಪಾಯಿ ಲಾಭ; ಭಾರ ತೈಲವು ಅಗ್ಗವಾದುದರಿಂದ ಅದರ ಪೀಪಾಯಿಗೆ ೩೦೦ ರೂಪಾಯಿ ಲಾಭ. ಆದರೆ ಷರತ್ತುಗಳು ಮೂರಿವೆ. ಒಟ್ಟು ದಿನಕ್ಕೆ ೧೦೦ ಸಾವಿರ ಪೀಪಾಯಿಗಳನ್ನು ಮಾತ್ರ ಬಟ್ಟಿಯಿಳಿಸಬಹುದು. ಹಗುರ ತೈಲ ದಿನಕ್ಕೆ ೬೦ ಸಾವಿರ ಪೀಪಾಯಿಗಿಂತ ಹೆಚ್ಚು ದೊರೆಯದು. ಭಾರ ತೈಲದಲ್ಲಿ ಗಂಧಕವು ಹಗುರ ತೈಲದ ಮೂರರಷ್ಟಿದೆ. ಹಗುರ ತೈಲದ ಸಾವಿರ ಪೀಪಾಯಿಗಳಲ್ಲಿರುವ ಗಂಧಕವನ್ನು ಒಂದು ಮಾನವೆಂದು ಎಣಿಸಿದರೆ, ಗಂಧಕವನ್ನು ತೆಗೆಯುವ ವಿಭಾಗವು ದಿನಕ್ಕೆ ೨೦೦ ಮಾನಗಳನ್ನು ಮಾತ್ರ ನಿಭಾಯಿಸಬಲ್ಲುದು.

ನಕ್ಷೆಯ ಮೇಲೆ ಪ್ರತಿಯೊಂದು ಷರತ್ತೂ ಒಂದು ಸರಳರೇಖೆ; ಎಲ್ಲವೂ ಸೇರಿದರೆ ಬೇಲಿ ಹಾಕಿದ ಒಂದು ಹೊಲದಂತೆ ಕಾಣುತ್ತದೆ. ಲಾಭವು ಸಮನಾಗಿರುವ ಬಿಂದುಗಳೂ ಸರಳರೇಖೆಯ ಮೇಲಿರುತ್ತವೆ. ಆ ರೇಖೆಯನ್ನು ಕೋಲಿನಂತೆ ಹಿಡಿದು ಲಾಭ ಹೆಚ್ಚುವ ದಿಕ್ಕಿಗೆ ಜಾರಿಸುತ್ತ ಹೋದರೆ, ಅದು ಹೊಲವನ್ನು ಬಿಡುವ ಮುನ್ನ ಕಡೆಯದಾಗಿ ಮುಟ್ಟುವುದು ಒಂದು ಮೂಲೆಯನ್ನು. ಆದುದರಿಂದ ಮೂಲೆಗಳನ್ನು ಪರೀಕ್ಷಿಸಿದರೆ ಸಾಕು. ಹಗುರ ತೈಲ ೬೦ ಸಾವಿರ, ಭಾರ ತೈಲ ೪೦ ಸಾವಿರ ಪೀಪಾಯಿಯಾದರೆ ದಿನದ ಲಾಭ ೨೪೦ ಲಕ್ಷ ರೂಪಾಯಿ. ಎರಡೂ ಐವತ್ತೈವತ್ತು ಸಾವಿರವಾದರೆ ೨೫೦ ಲಕ್ಷ. ಹೆಚ್ಚು ಲಾಭದ್ದೆಂದು ಭಾರ ತೈಲವೊಂದನ್ನೇ ನೆಚ್ಚಿದರೆ ಗಂಧಕದ ಮಿತಿಯು ೬೬.೭ ಸಾವಿರದಲ್ಲಿ ತಡೆಯುತ್ತದೆ. ಲಾಭವು ೨೦೦ ಲಕ್ಷಕ್ಕೆ ಇಳಿಯುತ್ತದೆ.

ಇನ್ನೂ ಒಂದು ಸಂಗತಿಯನ್ನು ಈ ಲೆಕ್ಕವು ಬಯಲಿಗೆ ತರುತ್ತದೆ. ಗಂಧಕ ತೆಗೆಯುವ ಸಾಮರ್ಥ್ಯವನ್ನು ೨೦೦ರಿಂದ ೨೦೨ಕ್ಕೆ ಏರಿಸಿದರೆ ಉತ್ತರವು ೪೯ ಮತ್ತು ೫೧ ಸಾವಿರಕ್ಕೆ ಸರಿದು ಲಾಭವು ೨೫೧ ಲಕ್ಷವಾಗುತ್ತದೆ. ಅಂದರೆ ಒಂದೊಂದು ಮಾನದ ಸಾಮರ್ಥ್ಯಕ್ಕೆ ದಿನಕ್ಕೆ ಅರ್ಧ ಲಕ್ಷದ ಬೆಲೆಯಿದೆ. ಹಗುರ ತೈಲ ಇನ್ನೆಷ್ಟು ಹೆಚ್ಚಾಗಿ ದೊರೆತರೂ ಲಾಭವು ಒಂದು ರೂಪಾಯಿಯೂ ಏರದು. ಏಕೆಂದರೆ ಆ ಬೇಲಿಯು ನಮಗೆ ತಗುಲುತ್ತಲೇ ಇಲ್ಲ. ಯಾವ ಬೇಲಿ ಬಿಗಿಯುತ್ತಿದೆ, ಅದನ್ನು ಒಂದಡಿ ಹಿಂದಕ್ಕೆ ಸರಿಸಿದರೆ ಎಷ್ಟು ಪ್ರಯೋಜನ ಎಂಬುದನ್ನು ಗಣಿತವು ಅಂಕೆಯಲ್ಲಿ ಹೇಳುತ್ತದೆ.

ಈ ವಿದ್ಯೆಯ ಹುಟ್ಟು ಒಂದು ಪ್ಲೈವುಡ್ ಸಂಸ್ಥೆಯ ಪ್ರಶ್ನೆಯಿಂದ. ಎಂಟು ಯಂತ್ರಗಳು, ಐದು ಬಗೆಯ ಮರ. ಯಾವ ಯಂತ್ರಕ್ಕೆ ಯಾವ ಮರವನ್ನು ಎಷ್ಟು ಹೊತ್ತು ಕೊಡಬೇಕು ಎಂಬ ಪ್ರಶ್ನೆಯನ್ನು ಲೆನಿನ್‌ಗ್ರಾಡಿನ ತರುಣ ಗಣಿತಜ್ಞ ಲಿಯೊನಿಡ್ ಕಂಟೊರೊವಿಚ್‌ನ ಮುಂದೆ ತಂದಿಟ್ಟರು. ಅವನ ಉತ್ತರವು ೧೯೩೯ರಲ್ಲಿ ಪುಸ್ತಕರೂಪದಲ್ಲಿ ಹೊರಬಂದಿತು. ಬೇಲಿಗಳಿಗೆ ಬೆಲೆ ಕಟ್ಟುವ ಕಲ್ಪನೆಯೂ ಅದರಲ್ಲಿತ್ತು. ಹಲವು ವರ್ಷಗಳ ಕಾಲ ಅದನ್ನು ಕೇಳುವವರಿರಲಿಲ್ಲ. ೧೯೭೫ರಲ್ಲಿ ಅವನಿಗೆ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಿಕದ ಪಾಲು ದೊರೆಯಿತು. ೧೯೪೭ರಲ್ಲಿ ಅಮೆರಿಕದ ಜಾರ್ಜ್ ಡಾಂಟ್ಸಿಗ್ ಸ್ವತಂತ್ರವಾಗಿ ಸಿಂಪ್ಲೆಕ್ಸ್ ಎಂಬ ವಿಧಾನವನ್ನು ರೂಪಿಸಿದನು. ೧೯೫೨ರಲ್ಲಿ ಚಾರ್ನ್ಸ್, ಕೂಪರ್, ಮೆಲನ್ ಎಂಬ ಮೂವರು ವಿಮಾನದ ಪೆಟ್ರೋಲಿನ ಮಿಶ್ರಣಕ್ಕೆ ಈ ಗಣಿತವನ್ನು ಅನ್ವಯಿಸಿ ಪ್ರಕಟಿಸಿದರು. ನಮ್ಮ ಉದಾಹರಣೆಯಲ್ಲಿ ಚರಗಳು ಎರಡು, ಮೂಲೆಗಳು ಬೆರಳೆಣಿಕೆಯಷ್ಟು. ಚರಗಳು ೨೦, ಅವು ಋಣವಾಗಬಾರದೆಂಬ ನಿಯಮದ ಜೊತೆಗೆ ಷರತ್ತುಗಳು ೨೦ ಆದರೆ, ಪರೀಕ್ಷಿಸಬೇಕಾದ ಛೇದನಬಿಂದುಗಳು ೧೩,೦೦೦ ಕೋಟಿಯನ್ನು ಮೀರುತ್ತವೆ. ಸಿಂಪ್ಲೆಕ್ಸ್ ವಿಧಾನವು ಅವೆಲ್ಲವನ್ನೂ ನೋಡುವುದಿಲ್ಲ. ಒಂದು ಮೂಲೆಯಲ್ಲಿ ನಿಂತು, ಲಾಭ ಹೆಚ್ಚುವ ಅಂಚನ್ನು ಹಿಡಿದು ಪಕ್ಕದ ಮೂಲೆಗೆ ನಡೆಯುತ್ತದೆ. ಯಾವ ಅಂಚಿನಲ್ಲಿಯೂ ಲಾಭ ಹೆಚ್ಚದಿದ್ದಾಗ ನಿಲ್ಲುತ್ತದೆ.

ಮಂಜಿನಲ್ಲಿ ಇಳಿಯುವವನು

ಎಲ್ಲ ಸಮಸ್ಯೆಗಳೂ ಸರಳರೇಖೆಗಳಿಂದಾದವಲ್ಲ. ದಟ್ಟವಾದ ಮಂಜಿನಲ್ಲಿ ಸಹ್ಯಾದ್ರಿಯ ಬೆಟ್ಟವೊಂದರಿಂದ ಅತ್ಯಂತ ತಗ್ಗಿನ ಸ್ಥಳಕ್ಕೆ ಇಳಿಯಹೊರಟವನನ್ನು ನೆನೆಯಿರಿ. ಕಾಲಬುಡದ ಇಳಿಜಾರೊಂದೇ ಅವನಿಗೆ ತಿಳಿದಿರುವುದು. ಇಳಿಜಾರನ್ನೇ ಅನುಸರಿಸಿ ನಡೆದರೆ ಅವನು ಒಂದು ತಗ್ಗನ್ನು ಸೇರುತ್ತಾನೆ. ಅಲ್ಲಿಂದ ಎತ್ತ ನೋಡಿದರೂ ಏರು. ಆದರೆ ಅದು ಬೆಟ್ಟದ ನಡುವಿನ ಒಂದು ಸಣ್ಣ ಕುಳಿಯಾಗಿರಬಹುದು; ನಿಜವಾದ ಕಣಿವೆಯು ಮುಂದಿನ ದಿಬ್ಬದ ಆಚೆಗಿರಬಹುದು. ಕಲನಶಾಸ್ತ್ರವು ಇಳಿಜಾರನ್ನು ಹೇಳುತ್ತದೆ, ದಿಬ್ಬದ ಆಚೆಗಿನದನ್ನು ಹೇಳದು. ಹಲವು ಕಡೆಗಳಿಂದ ಇಳಿದು ನೋಡುವುದು, ಇಡೀ ಬೆಟ್ಟವನ್ನು ತುಂಡುಗಳಾಗಿ ವಿಂಗಡಿಸಿ ‘ಈ ತುಂಡಿನಲ್ಲಿ ಇದಕ್ಕಿಂತ ತಗ್ಗು ಇರಲಾರದು’ ಎಂದು ಸಾಧಿಸಿ ಒಂದೊಂದನ್ನೇ ಕೈಬಿಡುವುದು ಮುಂತಾದ ಉಪಾಯಗಳನ್ನು ಗಣಿತಜ್ಞರು ರೂಪಿಸಿದ್ದಾರೆ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಇನ್ನೊಂದಿದೆ. ಎಂಜಿನಿಯರನು ಇಳಿಯುವುದು ಬೆಟ್ಟವನ್ನಲ್ಲ, ಬೆಟ್ಟದ ನಕ್ಷೆಯನ್ನು. ಸಮೀಕರಣಗಳ ಆ ನಕ್ಷೆಗೆ ಗಣಿತ ಮಾದರಿ ಎಂದು ಹೆಸರು. ಅದರಲ್ಲಿ ಕೆಲವು ಗೆರೆಗಳು ಅಚಲವಾದವು: ಒಳಗೆ ಹೋದ ದ್ರವ್ಯವೆಲ್ಲ ಹೊರಗೆ ಬರಬೇಕು, ಇಲ್ಲವೆ ಒಳಗೇ ಉಳಿದಿರಬೇಕು, ಶಕ್ತಿಯೂ ಹಾಗೆಯೇ. ಮತ್ತೆ ಕೆಲವು ಗೆರೆಗಳು ಪ್ರಯೋಗದಿಂದ ಅಳೆದು ಎಳೆದವು. ವೇಗವರ್ಧಕವು ಹೊಸದಾಗಿದ್ದಾಗ ಅಳೆದ ವೇಗವು ಅದು ಹಳತಾದ ಮೇಲೆ ನಿಲ್ಲದು. ಪಾತ್ರೆಯ ಗೋಡೆಗೆ ಹೊಕ್ಕೆ ಕಟ್ಟಿದರೆ ಶಾಖವು ಮೊದಲಿನಂತೆ ಹರಿಯದು. ಆದುದರಿಂದ ಇಂದಿನ ಕಾರ್ಖಾನೆಗಳಲ್ಲಿ ಗಣಕಯಂತ್ರವು ಅಳತೆಗಳನ್ನು ಸತತವಾಗಿ ಪಡೆಯುತ್ತ, ನಕ್ಷೆಯನ್ನು ತಿದ್ದಿಕೊಳ್ಳುತ್ತ, ಉತ್ತರವನ್ನು ಮತ್ತೆ ಮತ್ತೆ ಹುಡುಕುತ್ತದೆ.

ಲೆಕ್ಕಕ್ಕೆ ಬಾರದುದು

ನಕ್ಷೆಯಲ್ಲಿ ತಪ್ಪಾಗಿ ಎಳೆದ ಗೆರೆಯನ್ನು ಅಳತೆಯಿಂದ ತಿದ್ದಬಹುದು. ಎಳೆಯದೇ ಬಿಟ್ಟ ಗೆರೆಯನ್ನು ತಿದ್ದುವವರಾರು?

ಇಂಗ್ಲೆಂಡಿನ ಫ್ಲಿಕ್ಸ್‌ಬರೊ ಎಂಬಲ್ಲಿ ನೈಲಾನಿಗೆ ಬೇಕಾದ ಮೂಲವಸ್ತುವನ್ನು ತಯಾರಿಸುತ್ತಿದ್ದ ಕಾರ್ಖಾನೆಯೊಂದಿತ್ತು. ಸೈಕ್ಲೋಹೆಕ್ಸ್ಯೇನ್ ಎಂಬ ದ್ರವದೊಳಕ್ಕೆ ಬಿಸಿಯಾಗಿರುವಾಗ ಗಾಳಿಯನ್ನು ಊದಿ ಅದನ್ನು ಆಮ್ಲಜನಕದೊಡನೆ ಕೂಡಿಸುತ್ತಿದ್ದರು. ಇಲ್ಲಿಯೂ ಒಂದು ಇಕ್ಕಟ್ಟಿದೆ. ಹುಟ್ಟಿದ ವಸ್ತುವು ಮೂಲದ್ರವಕ್ಕಿಂತ ಸುಲಭವಾಗಿ ಆಮ್ಲಜನಕದೊಡನೆ ಕೂಡುತ್ತದೆ. ಕ್ರಿಯೆಯನ್ನು ಮುಂದುವರಿಸಿದಷ್ಟೂ ಬೇಕಾದ ವಸ್ತುವು ಹಾಳಾಗುತ್ತದೆ. ಆದಕಾರಣ ಒಂದು ಸುತ್ತಿನಲ್ಲಿ ನೂರಕ್ಕೆ ಸುಮಾರು ೬ ಪಾಲನ್ನು ಮಾತ್ರ ಮಾರ್ಪಡಿಸಿ, ಉಳಿದ ೯೪ ಪಾಲನ್ನು ಬೇರ್ಪಡಿಸಿ ಮತ್ತೆ ಒಳಕ್ಕೆ ಕಳುಹಿಸುತ್ತಿದ್ದರು. ಮೂಲವಸ್ತು ಪೋಲಾಗದಿರಬೇಕೆಂಬ ಲೆಕ್ಕಕ್ಕೆ ಇದು ತಕ್ಕ ಉತ್ತರ. ಆದರೆ ಅದರ ಫಲವಾಗಿ, ಸಾಧಾರಣ ಒತ್ತಡದಲ್ಲಿ ೮೧ ಡಿಗ್ರಿಗೇ ಕುದಿಯುವ, ಬೆಂಕಿಗೆ ಸುಲಭವಾಗಿ ತುತ್ತಾಗುವ ದ್ರವವು ಸುಮಾರು ೧೫೫ ಡಿಗ್ರಿಯಲ್ಲಿ, ಒತ್ತಡದಡಿಯಲ್ಲಿ, ಅಪಾರ ಪ್ರಮಾಣದಲ್ಲಿ ಸಾಲುಸಾಲು ಪಾತ್ರೆಗಳೊಳಗೆ ಸುತ್ತುತ್ತಿತ್ತು. ೧೯೭೪ರ ಜೂನ್ ೧ರಂದು, ಬಿರುಕುಬಿಟ್ಟ ಒಂದು ಪಾತ್ರೆಯನ್ನು ತೆಗೆದು ಅದರ ಸ್ಥಾನದಲ್ಲಿ ತಾತ್ಕಾಲಿಕವಾಗಿ ಜೋಡಿಸಿದ್ದ ಕೊಳವೆಯು ಕಿತ್ತುಹೋಯಿತು. ಹೊರಚಿಮ್ಮಿದ ದ್ರವವು ಕ್ಷಣದಲ್ಲಿ ಆವಿಯ ಮೋಡವಾಗಿ ಸ್ಫೋಟಿಸಿತು. ೨೮ ಮಂದಿ ಸತ್ತರು. ದುರಂತಕ್ಕೆ ಕಾರಣ ಸರಿಯಾಗಿ ವಿನ್ಯಾಸಗೊಳಿಸದ ಆ ಕೊಳವೆ. ಆದರೆ ಒಳಗೆ ಅಷ್ಟೊಂದು ದ್ರವವಿದ್ದುದಕ್ಕೆ ಕಾರಣ ಆ ನೂರಕ್ಕೆ ೬ ಎಂಬ ಉತ್ತರ.

ಬ್ರಿಟನ್ನಿನ ಎಂಜಿನಿಯರ್ ಟ್ರೆವರ್ ಕ್ಲೆಟ್ಸ್ ಈ ಘಟನೆಯಿಂದ ಪಾಠ ಕಲಿತು, ಅಪಾಯಕಾರಿ ವಸ್ತುವಿನ ದಾಸ್ತಾನನ್ನೇ ಕಡಿಮೆ ಮಾಡಬೇಕೆಂದು ೧೯೭೮ರಲ್ಲಿ ವಾದಿಸಿದನು. ಇಲ್ಲದ ವಸ್ತು ಸೋರಲಾರದು ಎಂಬುದು ಅವನ ವಾದದ ತಿರುಳು. ಆ ಮಾತು ಎಲ್ಲ ಕಡೆಗೂ ಸಕಾಲದಲ್ಲಿ ತಲಪಲಿಲ್ಲ. ೧೯೮೪ರ ಡಿಸೆಂಬರ್ ೨ರ ರಾತ್ರಿ ಭೋಪಾಲದಲ್ಲಿ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ತೊಟ್ಟಿಯಿಂದ ಸುಮಾರು ೪೦ ಟನ್ ಮೀಥೈಲ್ ಐಸೊಸಯನೇಟ್ ಸೋರಿತು. ಸಾವಿರಾರು ಜನರು ಸತ್ತರು. ಆ ವಸ್ತುವು ಮಾರಾಟದ ಸರಕಲ್ಲ. ಕೀಟನಾಶಕದ ತಯಾರಿಕೆಯ ನಡುವಿನ ಒಂದು ಹಂತ. ನಡುವೆ ದಾಸ್ತಾನಿದ್ದರೆ ಹಿಂದಿನ ವಿಭಾಗ ನಿಂತರೂ ಮುಂದಿನದು ನಡೆಯುತ್ತದೆಂಬುದು ಕಾರ್ಖಾನೆಗಳಲ್ಲಿ ಸಾಮಾನ್ಯವಾದ ಅನುಕೂಲ. ತೊಟ್ಟಿಯನ್ನು ತಂಪಾಗಿಡುವ ಯಂತ್ರವನ್ನು ತಿಂಗಳುಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಯಂತ್ರವನ್ನು ನಿಲ್ಲಿಸಿದರೆ ಉಳಿಯುವ ಹಣವನ್ನು ಲೆಕ್ಕದ ಪುಸ್ತಕದಲ್ಲಿ ಬರೆಯಬಹುದು; ನಿಲ್ಲಿಸಿದುದರಿಂದ ಬೆಳೆದ ಅಪಾಯಕ್ಕೆ ಅಲ್ಲಿ ಅಂಕಣವಿಲ್ಲ.

ಹಾಗಾದರೆ ಪ್ರಾಣಕ್ಕೂ ಒಂದು ಬೆಲೆ ಕಟ್ಟಿ ಖರ್ಚಿನ ಮೊತ್ತಕ್ಕೆ ಸೇರಿಸೋಣವೆ? ಸಕ್ಕರೆಯ ಪಾತ್ರೆಗಳ ಲೆಕ್ಕವನ್ನು ನೆನೆಯಿರಿ. ಮೊತ್ತದಲ್ಲಿ ಸೇರಿದ ಯಾವ ಖರ್ಚನ್ನಾದರೂ ಇನ್ನೊಂದು ಉಳಿತಾಯವು ಕೊಂಡುಕೊಳ್ಳಬಲ್ಲುದು. ಬೇಲಿಯ ಲೆಕ್ಕವು ಹಾಗಲ್ಲ. ಲಾಭವು ಎಷ್ಟೇ ಇದ್ದರೂ ಉತ್ತರವು ಬೇಲಿಯನ್ನು ದಾಟಲಾರದು. ಮಾರಾಟಕ್ಕಿಡಬಾರದವುಗಳನ್ನು ಖರ್ಚೆಂದು ಬರೆಯದೆ ಷರತ್ತೆಂದು ಬರೆಯುವುದೇ ಇದಕ್ಕೆ ಗಣಿತದಲ್ಲಿರುವ ದಾರಿ.

ಇದು ಬರಿಯ ಆಶಯವಲ್ಲವೆಂಬುದಕ್ಕೆ ನಮ್ಮ ದೇಶದಲ್ಲಿಯೇ ನಿದರ್ಶನವಿದೆ. ಪೆಟ್ರೋಲು ಮತ್ತು ಡೀಸೆಲ್‌ಗಳಲ್ಲಿ ಹತ್ತು ಲಕ್ಷಕ್ಕೆ ೫೦ ಭಾಗದವರೆಗೆ ಗಂಧಕವಿರಬಹುದೆಂಬ ಮಿತಿಯಿತ್ತು. ೨೦೨೦ರ ಏಪ್ರಿಲ್‌ನಿಂದ ದೇಶದಾದ್ಯಂತ ಆ ಮಿತಿಯು ೧೦ ಭಾಗಕ್ಕೆ ಇಳಿಯಿತು. ಜನರು ಉಸಿರಾಡುವ ಗಾಳಿಗಾಗಿ ಬೇಲಿಯನ್ನು ಒಳಕ್ಕೆ ಸರಿಸಿದರು. ಶುದ್ಧೀಕರಣ ಕಾರ್ಖಾನೆಗಳು ಹೊಸ ಯಂತ್ರಗಳನ್ನು ಹೂಡಿದವು. ಅದೇ ಗಣಿತವು ಹೊಸ ಹೊಲದಲ್ಲಿ ಹೊಸ ಮೂಲೆಯನ್ನು ಹುಡುಕಿಕೊಟ್ಟಿತು.

ಮೂಲೆಯನ್ನು ಹುಡುಕುವ ವಿದ್ಯೆಯು ಇಂದು ಬಹುದೂರ ಸಾಗಿದೆ. ಲಕ್ಷಾಂತರ ಚರಗಳ ಸಮಸ್ಯೆಗಳನ್ನು ಗಣಕಯಂತ್ರಗಳು ಬಿಡಿಸುತ್ತಿವೆ. ಆದರೆ ಬೇಲಿಯನ್ನು ಎಲ್ಲಿ ಹಾಕಬೇಕೆಂಬುದನ್ನು ಯಾವ ಯಂತ್ರವೂ ನಮಗಾಗಿ ನಿರ್ಧರಿಸಿಕೊಡಲಾರದು. ಇಂದು ಕನಿಷ್ಠ-ಗರಿಷ್ಠಗಳ ಲೆಕ್ಕವನ್ನು ಪರೀಕ್ಷೆಗಾಗಿ ಬಿಡಿಸುತ್ತಿರುವ ವಿದ್ಯಾರ್ಥಿಗಳಲ್ಲಿ ಕೆಲವರು ನಾಳೆ ಅಂಥ ನಕ್ಷೆಗಳ ಮುಂದೆ ಕುಳಿತುಕೊಳ್ಳುವರು. ಉತ್ತರವನ್ನು ಸರಿಯಾಗಿ ಹುಡುಕುವುದು ಅವರ ಕೆಲಸದ ಅರ್ಧಭಾಗ ಮಾತ್ರ. ಪ್ರಶ್ನೆಯಲ್ಲಿ ಯಾವುದು ಸೇರಿದೆ, ಯಾವುದು ಬಿಟ್ಟುಹೋಗಿದೆ ಎಂದು ಕೇಳುವುದು ಉಳಿದರ್ಧ.